ಅಕ್ಕಿ ಮೂಟೆಯ ಪಕ್ಕದ ಚಾಪೆ

ನಮ್ಮ ಮನೆಯಲ್ಲಿ ಅತ್ತೆಗೆ ‘ಆಹಾರ ಮಂತ್ರಿ’ ಎಂಬ ಹುದ್ದೆಯಿತ್ತು. ಆ ಹುದ್ದೆ ಅವರ ಜೀವವನ್ನೇ ತೆಗೆದುಕೊಂಡು ಹೋಗುವುದರಲ್ಲಿತ್ತು. ಹೋಗಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ತಡೆಯಲಾಗದ ನಗು ಬರುತ್ತದೆ. ಬಸ್ಸಿನಲ್ಲಿ ಬರುತ್ತದೆ, ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬರುತ್ತದೆ. ನಕ್ಕು ಮುಗಿದ ಮೇಲೆ ಮನೆಗೊಂದು ಫೋನ್ ಮಾಡಿ ಅತ್ತೆಯ ದನಿ ಕೇಳಿಸಿಕೊಳ್ಳುತ್ತೇನೆ.

ಕಡೂರಿನಲ್ಲಿ ನಾವು ಮೂವರು ಬಾಡಿಗೆ ಮನೆಯಲ್ಲಿದ್ದೇವೆ. ನಾನು ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಗಂಡ ತರೀಕೆರೆಯ ಟ್ರ್ಯಾಕ್ಟರ್ ಶೋರೂಮಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಆ ವರ್ಷ ಟ್ರ್ಯಾಕ್ಟರ್ ನೋಡಲು ಬಂದವರೆಲ್ಲ ಸೀಟಿನ ಮೇಲೆ ಕೂತು, ಫೋಟೊ ತೆಗೆಸಿಕೊಂಡು, ಟೀ ಕುಡಿದು ಹೋಗುತ್ತಿದ್ದರು. ಕಮಿಷನ್ ನಿಂತುಹೋಯಿತು. ಮನೆಯ ಬಾಡಿಗೆ ಮಾತ್ರ ಏರಿತು. ಒಂದು ಸಂಜೆ ಅತ್ತೆ ಮಗನ ಮುಖ ನೋಡಿ, “ಸಾಮಾನಿನ ಖರ್ಚು ನಂಗೆ ಬಿಟ್ಬಿಡು. ಅರ್ಧಕ್ಕೆ ಇಳಿಸ್ತೀನಿ” ಎಂದರು. ಮಗ ಎದ್ದು ನಿಂತು ಟವೆಲ್ ಹೊದಿಸಿ ಸನ್ಮಾನ ಮಾಡಿದರು. ಮಂತ್ರಿಗಿರಿ ಶುರುವಾದದ್ದು ಹಾಗೆ.

ಮೊದಲು ಬೀದಿಯ ಕೊನೆಯ ಅಂಗಡಿಯನ್ನು ಬಿಡಲಾಯಿತು. ಈರುಳ್ಳಿ ಅಜ್ಜಂಪುರದ ಕಡೆಯಿಂದ ಬರತೊಡಗಿತು. ಅಲ್ಲಿನ ಹಳ್ಳಿಯೊಂದರಲ್ಲಿ ಅತ್ತೆಯ ತಮ್ಮನ ಹೊಲವಿದೆ. ತೆಂಗಿನಕಾಯಿಗೆ ಭಾನುವಾರ ಬೈಕಿನಲ್ಲಿ ಚೌಳಹಿರಿಯೂರಿನ ಕಡೆ ಹೋಗಿ ತೋಟದಲ್ಲೇ ಆರಿಸಿಕೊಂಡು ಬರುತ್ತಿದ್ದೆವು. ಹಿಂದೆ ಕೂತ ನನ್ನ ಎರಡೂ ತೊಡೆಯ ಮೇಲೆ ಕಾಯಿಚೀಲ. ಉಬ್ಬು ಬಂದಾಗಲೆಲ್ಲ ನಾನು “ಅಯ್ಯೋ” ಅಂದರೆ ಗಂಡ “ಕಾಯಿ ಒಡೀತಾ?” ಎಂದು ಕೇಳುತ್ತಿದ್ದರು. ಕಲ್ಲಂಗಡಿಯ ಬಿಳಿ ಭಾಗ ಪಲ್ಯವಾಯಿತು. ಹೀರೇಕಾಯಿಯ ಸಿಪ್ಪೆ ಚಟ್ನಿಯಾಯಿತು. ಟೀಪುಡಿ ಎರಡನೇ ಸಲ ಕುದಿಯಿತು. ಮೂರನೇ ಸಲ ಕುದಿಸಿದ ದಿನ ಗಂಡ ಲೋಟವನ್ನು ಬೆಳಕಿಗೆ ಹಿಡಿದು, “ಅವ್ವ, ಇದರಾಗೆ ನನ್ನ ಬೆರಳು ಕಾಣ್ತೈತೆ” ಎಂದರು.

“ಕಂಡ್ರೆ ಒಳ್ಳೇದೇ. ಎಲ್ಲಾ ಐದಾವೋ ಎಣಿಸ್ಕೋ.”

ಬೆಳ್ಳುಳ್ಳಿಯ ಬೆಲೆ ಆಗ ಕೇಳುವಂತಿರಲಿಲ್ಲ. ಅದನ್ನು ಕೆಲಸದಿಂದಲೇ ವಜಾ ಮಾಡಲಾಯಿತು.

“ಬೆಳ್ಳುಳ್ಳಿ ಇಲ್ದಿರೋ ಬಸ್ಸಾರು ಬಸ್ಸಾರೇನವ್ವ?”

“ಇಂಗು ಹಾಕಿವ್ನಿ, ಉಣ್ಣು.”

“ವಾಸನೆ ಬ್ಯಾರೆ ಕಣವ್ವ.”

“ಮೂಗು ಮುಚ್ಕೊಂಡು ಉಣ್ಣು. ಮೂಗು ಮುಚ್ಕೊಳಕ್ಕೆ ಯಾರಿಗೂ ಕಾಸು ಕೊಡಂಗಿಲ್ಲ.”

ನಿಜ ಹೇಳಬೇಕೆಂದರೆ ಆ ತಿಂಗಳುಗಳಲ್ಲಿ ನಾವು ಸಿಕ್ಕಾಪಟ್ಟೆ ಖುಷಿಯಾಗಿದ್ದೆವು. ಉಳಿತಾಯ ಒಂದು ಆಟವಾಗಿಬಿಟ್ಟಿತ್ತು. ಯಾರು ಯಾವುದನ್ನು ಅಗ್ಗವಾಗಿ ತಂದರು ಎಂಬುದರ ಮೇಲೆ ಊಟದ ಹೊತ್ತಿಗೆ ಜಂಬ, ಜಗಳ, ಚಪ್ಪಾಳೆ. ಆ ಆಟದ ದೊಡ್ಡ ಗೆಲುವು ಅಕ್ಕಿ. ಗಂಡ ತರೀಕೆರೆಯ ಮಿಲ್ಲೊಂದರಲ್ಲಿ ಮಾತಾಡಿ ವರ್ಷಕ್ಕಾಗುವಷ್ಟು ಅಕ್ಕಿಯನ್ನು ಒಂದೇ ಸಲ ತಂದರು. ಅಡುಗೆಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಮೂಟೆಗಳು ಗೋಡೆಯುದ್ದಕ್ಕೂ ನಿಂತಾಗ ಅತ್ತೆ ಒಂದೊಂದನ್ನೂ ಹಸುವಿನ ಬೆನ್ನು ತಟ್ಟಿದಂತೆ ತಟ್ಟಿದರು. ಮಧ್ಯಾಹ್ನದ ನಿದ್ದೆಯನ್ನೂ ಅಲ್ಲಿಗೇ ಸಾಗಿಸಿದರು. ಕೋಣೆ ತಂಪು, ಅಕ್ಕಿಗೆ ಕಾವಲೂ ಆಗುತ್ತದೆ ಎಂದು ಮೂಟೆಯ ಪಕ್ಕದಲ್ಲೇ ಚಾಪೆ ಹಾಸಿದರು. ಬಾಗಿಲಿನ ಚಿಲಕ ಕಳಚಿಬಿದ್ದಿತ್ತು. ಹೊಸದು ಹಾಕಿಸೋಣವೆಂದರೆ “ಬರೋ ತಿಂಗ್ಳು” ಎನ್ನುತ್ತಿದ್ದರು. ಪಕ್ಕದ ಮನೆಯ ಬೆಕ್ಕು ನುಗ್ಗದಂತೆ ಒಳಗಿನಿಂದ ಈರುಳ್ಳಿ ಚೀಲವನ್ನು ಬಾಗಿಲಿಗೆ ಒತ್ತಿಟ್ಟು ಮಲಗುತ್ತಿದ್ದರು.

ಸ್ವಲ್ಪ ದಿನಕ್ಕೆ ಅಕ್ಕಿಯಲ್ಲಿ ಹುಳ ಕಾಣಿಸಿದವು. ಬೇವಿನ ಸೊಪ್ಪು ಹಾಕಿದರು, ಒಣಮೆಣಸಿನಕಾಯಿ ಹಾಕಿದರು. ಹುಳಗಳು ಮೆಣಸಿನಕಾಯಿಯ ಮೇಲೆಯೇ ಓಡಾಡಿದವು. ಅಷ್ಟರಲ್ಲಿ ಈರುಳ್ಳಿ ಕೊಡಲು ಅವರ ತಮ್ಮ ಬಂದರು. ಅಕ್ಕನ ಸಂಕಟ ಕೇಳಿ, ಮುಂದಿನ ಸಲ ಬರುವಾಗ ತಾವು ಜೋಳದ ಗೋಡೌನಿಗೆ ಹಾಕುವ ಮಾತ್ರೆಗಳನ್ನು ತಂದುಕೊಟ್ಟರು. “ಇದನ್ನ ಇಟ್ಟು ಬಾಗ್ಲು ಹಾಕ್ಬಿಡಕ್ಕ. ಗಾಳಿ ಆಡ್ಬಾರ್ದು. ಒಂದು ಹುಳ ಉಳಿಯಲ್ಲ” ಎಂದರಂತೆ. ಅವರ ಗೋಡೌನಿರುವುದು ಊರಾಚೆ, ಹೊಲದ ಬದುವಿನಲ್ಲಿ. ಅಲ್ಲಿ ಮಾತ್ರೆ ಇಟ್ಟು ಬೀಗ ಹಾಕಿದರೆ ವಾರಗಟ್ಟಲೆ ಯಾರೂ ಆ ಕಡೆ ಸುಳಿಯುವುದಿಲ್ಲ. ಆ ಮಾತ್ರೆಯಿಂದ ಏಳುವ ವಿಷಗಾಳಿ ಹುಳಕ್ಕೂ ಮನುಷ್ಯರಿಗೂ ಒಂದೇ ಎಂಬುದನ್ನು ಅಲ್ಲಿ ಯಾರೂ ಯಾರಿಗೂ ಹೇಳಬೇಕಾದ ಪ್ರಮೇಯವೇ ಬಂದಿರಲಿಲ್ಲ.

ಅತ್ತೆ ಒಂದು ಶನಿವಾರ ಬೆಳಿಗ್ಗೆ, ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಮಾತ್ರೆಗಳನ್ನು ಮೂಟೆಗಳ ನಡುವೆ ಇಟ್ಟರು. ಹೇಳಿದಂತೆ ಕಿಟಕಿ ಭದ್ರ ಮಾಡಿದರು, ಸಂದಿಗೆ ಹಳೇ ಸೀರೆ ತುರುಕಿದರು. ಊಟವಾದ ಮೇಲೆ ಎಂದಿನಂತೆ ಒಳಗೆ ಹೋಗಿ, ಬಾಗಿಲು ಹಾಕಿ, ಈರುಳ್ಳಿ ಚೀಲ ಒತ್ತಿಟ್ಟು, ಚಾಪೆಯ ಮೇಲೆ ಮಲಗಿದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಶನಿವಾರ ಶಾಲೆ ಅರ್ಧ ದಿನ. ಆಮೇಲೆ ನಾನು ಮಕ್ಕಳಿಗೆ ಮನೆಪಾಠಕ್ಕೆ ಹೋಗುತ್ತೇನೆ. ಅವತ್ತು ಆ ಮನೆಯವರು ಅಂತರಘಟ್ಟೆಗೆ ಹರಕೆ ತೀರಿಸಲು ಹೋಗಿದ್ದರಿಂದ ಪಾಠವಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟೆ. ಮೂಗಿಗೆ ಬಡಿದದ್ದು ಬೆಳ್ಳುಳ್ಳಿ ವಾಸನೆ!

ನನಗಾದ ಆನಂದ ಹೇಳತೀರದು. ಮಂತ್ರಿಗಳು ಸಿಕ್ಕಿಬಿದ್ದಿದ್ದರು! ನಮಗೆಲ್ಲ ಇಂಗು, ತಮಗೆ ಗುಟ್ಟಾಗಿ ಬೆಳ್ಳುಳ್ಳಿ ಚಟ್ನಿ. ನಾನು ಕಾಲಿನ ತುದಿಯಲ್ಲಿ ನಡೆದು ಕೋಣೆಯ ಬಾಗಿಲಿಗೆ ಹೋದೆ. ಅಲ್ಲಿ ವಾಸನೆ ಇನ್ನೂ ಜೋರಾಗಿತ್ತು. ಬಾಗಿಲು ತಟ್ಟಿ, “ಕಳ್ಳಿ ಸಿಕ್ಕಿಬಿದ್ಲು! ಅತ್ತೆ, ಒಬ್ರೇ ಉಣ್ತಿದೀರಾ? ಮಗನಿಗೆ ಫೋನ್ ಮಾಡ್ತೀನಿ ತಾಳಿ” ಎಂದು ಕೂಗಿದೆ. ಉತ್ತರವಿಲ್ಲ. ನಗುತ್ತಲೇ ಮತ್ತೆ ತಟ್ಟಿದೆ. “ಬಾಯ್ತುಂಬಾ ಐತೇನೋ ಪಾಪ, ನುಂಗಿ ಮಾತಾಡಿ.” ಆಗಲೂ ಉತ್ತರವಿಲ್ಲ. ನಮ್ಮತ್ತೆ ಯಾರ ಮಾತಿಗೂ ತಿರುಗಿಸಿ ಕೊಡದೆ ಬಿಟ್ಟವರಲ್ಲ.

ಹೆಗಲು ಕೊಟ್ಟು ನೂಕಿದೆ. ಚಿಲಕವಿದ್ದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಈರುಳ್ಳಿ ಚೀಲ ಮಗುಚಿ, ಈರುಳ್ಳಿಗಳು ಅಡುಗೆಮನೆಯವರೆಗೂ ಉರುಳಿದವು. ಅತ್ತೆ ಚಾಪೆಯ ಮೇಲೆ ವಾಂತಿ ಮಾಡಿಕೊಂಡು ಮಗ್ಗುಲಾಗಿದ್ದರು. ಕಣ್ಣು ಅರೆತೆರೆದಿತ್ತು. ನನಗೂ ತಲೆ ಧಿಮ್ಮೆಂದಿತು. ಉಸಿರು ಬಿಗಿಹಿಡಿದು, ಚಾಪೆಯ ತುದಿ ಹಿಡಿದು, ಈರುಳ್ಳಿಗಳ ಮೇಲೆಯೇ ಅವರನ್ನು ಎಳೆದುಕೊಂಡು ಬೀದಿಗೆ ಬಂದೆ. ಚಾಪೆ ಆ ಈರುಳ್ಳಿಗಳ ಮೇಲೆ ಜಾರಿದ್ದು ನೋಡಿದರೆ ಚಕ್ರ ಕಟ್ಟಿದಂತಿತ್ತು.

ಎದುರುಮನೆಯವರ ಆಟೋದಲ್ಲಿ ಹಾಕಿಕೊಂಡು ಹೊರಟೆವು. ಗಾಳಿ ಮುಖಕ್ಕೆ ಬಡಿದಾಗ ಅತ್ತೆ ಮೊದಲ ಸಲ ತುಟಿ ಅಲ್ಲಾಡಿಸಿದರು. ನಾನು ಕಿವಿ ಹತ್ತಿರ ತಂದೆ.

“ಆಟೋಗೆ ಎಷ್ಟಂತೆ?”

ನಾನು ಜೋರಾಗಿ ಅತ್ತುಬಿಟ್ಟೆ. ಅಳುತ್ತಿದ್ದೇನೋ ನಗುತ್ತಿದ್ದೇನೋ ಆಟೋದವರಿಗೂ ಗೊತ್ತಾಗಲಿಲ್ಲ. “ಯಮ್ಮಾ, ನಾನು ಕಾಸು ಕೇಳಲ್ಲ, ನೀವು ಸುಮ್ಕೆ ಉಸಿರಾಡಿ” ಎಂದು ಅವರು ಹಾರನ್ನಿನ ಮೇಲೆ ಕೈಯಿಟ್ಟವರು ತೆಗೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಅತ್ತೆ “ಮಾತ್ರೆ... ಮಾತ್ರೆ...” ಎಂದರು. ವೈದ್ಯರು ಗಾಬರಿಯಿಂದ, “ಎಷ್ಟು ನುಂಗಿದ್ರಿ?” ಎಂದರು.

“ನಾನ್ಯಾಕಪ್ಪ ನುಂಗ್ಲಿ? ಅಕ್ಕಿಗೆ ಇಟ್ಟಿದ್ದು.”

“ಅಕ್ಕಿಗೆ ಇಟ್ಟು?”

“ಪಕ್ಕದಾಗೆ ಮಲಗಿದ್ದೆ. ಕಾವ್ಲಿಗೆ.”

ನರ್ಸ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಸೊಸೆನಾ?” ಎಂದರು. ಆ ‘ಸೊಸೆನಾ’ದಲ್ಲಿ ಒಂದಿಡೀ ಧಾರಾವಾಹಿ ಇತ್ತು. ಅತ್ತೆಗೆ ಆಮ್ಲಜನಕದ ಮಾಸ್ಕ್ ಹಾಕುತ್ತಿದ್ದರು. ಅದನ್ನು ಪಕ್ಕಕ್ಕೆ ಸರಿಸಿ, “ಅವಳಲ್ಲ ಕಣಮ್ಮ, ನಾನೇ ದಡ್ಡಿ” ಎಂದು ಹೇಳಿ ಮತ್ತೆ ಹಾಕಿಕೊಂಡರು. ಆ ಗಾಳಿಗೆ ಬೆಳ್ಳುಳ್ಳಿಯಂಥ ವಾಸನೆಯಿರುತ್ತದೆ, ಇನ್ನಷ್ಟು ಹೊತ್ತು ಒಳಗೇ ಇದ್ದಿದ್ದರೆ ನಾವು ಮಾಡುವುದೇನೂ ಇರುತ್ತಿರಲಿಲ್ಲ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ಹೃದಯದ ಮೇಲೆ ಕಣ್ಣಿಡಬೇಕೆಂದು ಅತ್ತೆಯನ್ನು ಅಲ್ಲೇ ಉಳಿಸಿಕೊಂಡರು.

ತರೀಕೆರೆಯಿಂದ ಗಂಡ ಓಡಿಬಂದರು. ಕೈಯಲ್ಲಿ ಒಂದು ಹೂಕೋಸು. ಬಸ್‌ಸ್ಟ್ಯಾಂಡಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕೊಂಡ ಹೊತ್ತಿಗೇ ನನ್ನ ಫೋನ್ ಹೋಗಿತ್ತಂತೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಅವ್ವನ ಹಾಸಿಗೆಯ ಪಕ್ಕ ಹೂಗುಚ್ಛದಂತೆ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಕಂಡು ನರ್ಸ್ ಕೂಡ ನಕ್ಕುಬಿಟ್ಟರು.

ಅತ್ತೆ ಉಳಿದರು. ಮನೆಗೆ ಬರುವ ಹೊತ್ತಿಗೆ ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು ದಿನಗಳಾಗಿದ್ದವು. ಅವರ ತಮ್ಮ ಬಂದು ಬಾಗಿಲಲ್ಲೇ ಕೂತು ಅತ್ತರು.

“ಗೋಡೌನಾಗೆ ಯಾರು ಮಲಗ್ತಾರಕ್ಕ!”

“ನಮ್ಮನೇಲಿ ಗೋಡೌನು ಬ್ಯಾರೆ, ಮನೆ ಬ್ಯಾರೆ ಅಂತ ಎಲ್ಲೈತೋ? ಏಳು, ಟೀ ಕುಡಿ. ಹೊಸ ಪುಡೀಲೇ ಮಾಡವ್ಳೆ.”

ಅಕ್ಕಿಯನ್ನು ಬಿಸಿಲಿಗೆ ಹಾಕಿ ತಿನ್ನೋಣವೆಂದು ಅತ್ತೆ ವಾದ ಹೂಡಿದರು. ಜೀವಮಾನದಲ್ಲಿ ಅವ್ವನಿಗೆ ಎದುರು ಮಾತಾಡದ ಮಗ, “ಅಕ್ಕಿ ಬೇಕಾ, ನಾನು ಬೇಕಾ?” ಎಂದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿದ್ದನ್ನು ಮಾತ್ರ ಅವರಿನ್ನೂ ಮರೆತಿಲ್ಲ. ಮೂಟೆಗಳನ್ನು ತಮ್ಮನೇ ಒಯ್ದು ಹೊಲದಾಚೆ ಗುಂಡಿ ತೋಡಿ ಹೂತರು.

ಈಗ ಬೀದಿ ಕೊನೆಯ ಅಂಗಡಿಯಿಂದ ವಾರವಾರಕ್ಕೆ ಬೇಕಾದಷ್ಟೇ ಅಕ್ಕಿ ತರುತ್ತೇವೆ. ಖರ್ಚು ಅರ್ಧಕ್ಕಿಳಿದಿಲ್ಲ, ಕಾಲು ಭಾಗ ಇಳಿದಿದೆ. ಕಲ್ಲಂಗಡಿ ಪಲ್ಯ ಮುಂದುವರಿದಿದೆ, ಅದು ಚೆನ್ನಾಗಿಯೇ ಇರುತ್ತದೆ.

ಮೊನ್ನೆ ಜಗುಲಿಯಲ್ಲಿ ನಾವಿಬ್ಬರೇ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ ತಲೆಯೆತ್ತದೆ, “ಅವತ್ತು ನೀನು ಕೂಗಿದ್ದೆಲ್ಲ ಕೇಳಿಸ್ತು ಕಣೇ” ಎಂದರು.

“ಏನು ಕೇಳಿಸ್ತು?”

“ಕಳ್ಳಿ ಅಂದ್ಯಲ್ಲ. ಎದ್ದು ಬಂದು ಸರಿಯಾಗಿ ಉಗೀಬೇಕು ಅನ್ಕೊಂಡೆ. ಕಾಲೇ ಬರ್ಲಿಲ್ಲ. ಇನ್ನೊಂದ್ಸಲ ಕೂಗ್ಲಿ, ಇನ್ನೊಂದ್ಸಲ ಕೂಗ್ಲಿ ಅಂತ ಮಲಗಿದ್ದೆ.”

ನನ್ನ ಕೈಯಲ್ಲಿದ್ದ ಅವರೆ ಹಾಗೇ ನಿಂತಿತು. ತಿಂದು ಮುಗಿಸಲಿ ಪಾಪ ಎಂದು ನಾನು ತಿರುಗಿ ಹೋಗಿದ್ದರೆ? ಅತ್ತೆ ನನ್ನ ಮುಖ ನೋಡಿದರು, ಮಡಿಲಿನಿಂದ ಒಂದು ಕಾಳು ತೆಗೆದು ನನ್ನ ಮೂಗಿಗೆ ಗುರಿಯಿಟ್ಟು ಹೊಡೆದರು.

“ಈಗ ಉಗೀಲಾ?” ಎಂದರು.

“ಉಗೀರಿ ಅತ್ತೆ” ಎಂದೆ.

ಅವರು ಶುರು ಮಾಡಿದರು. ನನ್ನ ತವರಿನಿಂದ ಹಿಡಿದು ನಾನು ಕಲಿಸುವ ಗಣಿತದವರೆಗೆ ಒಂದನ್ನೂ ಬಿಡಲಿಲ್ಲ. ನಾನು ಮಧ್ಯೆ ಮಾತಾಡದೆ, ಅವರೆ ಸುಲಿಯುತ್ತಾ, ಪೂರ್ತಿ ಕೇಳಿಸಿಕೊಂಡೆ.