ತಾರಸಿಯ ಮೇಲೆ ನೀರು ನಿಲ್ಲಿಸಿದ ಮೇಸ್ತ್ರಿ

ಸುಣ್ಣ ಕಲಸಿ ಕಲಸಿ ಮೇಸ್ತ್ರಿಯ ಅಂಗೈಯಲ್ಲಿ ರೇಖೆಗಳೇ ಉಳಿದಿರಲಿಲ್ಲ. ಬಿಳಿಚಿಕೊಂಡು, ಸವೆದ ಚಪ್ಪಲಿಯ ಅಟ್ಟೆಯ ಹಾಗೆ ನುಣ್ಣಗಾಗಿದ್ದ ಕೈ. "ಶಾಸ್ತ್ರ ಏಳೋನು ನನ್ ಕೈ ನೋಡಿ ದುಡ್ಡು ವಾಪಸ್ ಕೊಟ್ಬುಟ್ಟ, ಟೀಚರಮ್ಮ" ಎಂದು ಅವರೇ ನಗುತ್ತಿದ್ದರು.

ಅರವತ್ತರ ದಶಕದ ನಡುವಿನ ಮಾತು. ನಾನು ಯಲಹಂಕದಲ್ಲಿ ಪ್ರೈಮರಿ ಶಾಲೆಯ ಟೀಚರು. ಅಪ್ಪ ತೀರಿಕೊಂಡ ಮೇಲೆ ನಾಡಹೆಂಚಿನ ಹಳೇ ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು, ನಾನು. ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತ್ತು. ಮಳೆ ಬಂದರೆ ನಾಲ್ವರೂ ಒಂದೇ ಮೂಲೆ ಸೇರುತ್ತಿದ್ದೆವು.

"ಮಾರ್ಬಿಡು. ಹೆಂಗಸ್ರು ನಿಂತು ಮನೆ ರಿಪೇರಿ ಮಾಡ್ಸಿದ್ದು ಎಲ್ಲಾದ್ರೂ ಕಂಡಿದೀಯಾ?" ಎಂದರು ಚಿಕ್ಕಪ್ಪ. ನಾನು ಒಪ್ಪದಿದ್ದಾಗ ತಮಗೆ ಗೊತ್ತಿದ್ದ ಕಂಟ್ರಾಕ್ಟರ್ ಒಬ್ಬನನ್ನು ಕರೆತಂದರು. ಅವನು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, "ಹೆಂಚು ತೆಗೆದು ತಾರಸಿ ಹಾಕೋದೂ ಸೇರಿ ಎರಡು ಸಾವಿರ" ಎಂದು ಹೇಳಿ ಹೋದ.

ಮೇಸ್ತ್ರಿಯ ವಿಷಯ ಹೇಳಿದ್ದು ನಮ್ಮ ಶಾಲೆಯ ಆಯಾ. ಹೆಬ್ಬಾಳದ ಹತ್ತಿರದ ಹಳ್ಳಿಯಿಂದ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದರು. ಎರಡು ದಿನ ರೇಟಿನ ಮಾತೇ ಎತ್ತಲಿಲ್ಲ. ಗೋಡೆಗಳನ್ನು ಬೆರಳಲ್ಲಿ ತಟ್ಟಿದರು, ಕಿವಿಯಿಟ್ಟು ಕೇಳಿದರು, ಸೂರು ಹತ್ತಿ ಹೆಂಚು ಎತ್ತಿ ನೋಡಿದರು. ಮೂರನೆಯ ದಿನ ಜಗಲಿಯಲ್ಲಿ ಕೂತು, ತಮಗೆ ಬರೆಯಲು ಬಾರದ್ದರಿಂದ, "ಬರ್ಕೊಳ್ಳಿ" ಎಂದು ನನ್ನಿಂದಲೇ ಬರೆಸಿದರು. ಒಡೆಯುವ ಕೂಲಿ, ಮಣ್ಣು ಸಾಗಿಸುವ ಗಾಡಿ, ತೊಲೆ, ಬಡಗಿ, ಹೊಸ ಗೋಡೆಗೆ ದಿನಾ ನೀರು ಹಾಕುವ ಆಳು, ತಮ್ಮ ದಿನಗೂಲಿ. ಒಂದೊಂದಕ್ಕೂ ಎಷ್ಟು, ಯಾಕೆ ಎಂದು ಕೇಳುತ್ತಲೇ ಬರೆದುಕೊಂಡೆ. ಕೊನೆಗೆ ಎರಡು ಸಾಲು: "ಒಡೆದ ಮೇಲೆ ಕಾಣೋದಕ್ಕೆ" ಎಂದು ಒಂದು, "ಮೇಸ್ತ್ರಿಗೆ" ಎಂದು ಇನ್ನೊಂದು. ಒಟ್ಟು ಮೂರು ಸಾವಿರ!

"ನಿಮ್ಮ ಕೂಲಿ ಬರೆಸಿದ್ದಾಯ್ತಲ್ಲ, ಇದ್ಯಾಕೆ ಬೇರೆ?" ಎಂದೆ.

"ಕೂಲಿ ಕೈಗೆ, ಇದು ತಲೆಗೆ. ಬಡಗಿ ಬರ್ಲಿಲ್ಲ ಅಂದ್ರೆ ಓಡೋನು ನಾನು. ಸುಣ್ಣ ಕೆಟ್ರೆ ಬೈಸ್ಕೊಳ್ಳೋನು ನಾನು. ನೀವು ನೆಮ್ಮದಿಯಾಗಿ ಪಾಠ ಏಳ್ಬೇಕಲ್ಲ, ಅದುಕ್ಕೆ. ಆ ಎರಡ್ ಸಾವ್ರದೋನೂ ಇದ್ನ ತಗೊಂತಾನೆ. ಬಾಯ್ಬಿಟ್ಟು ಏಳಲ್ಲ, ಅಷ್ಟೇ."

ಸೊಸೈಟಿಯಲ್ಲಿ ಸಾಲ ತೆಗೆದು ಕೆಲಸ ಅವರಿಗೇ ಒಪ್ಪಿಸಿದೆ. "ನಿನ್ ತಲೆ ಬೋಳಿಸ್ತಾನೆ ನೋಡ್ತಿರು" ಎಂದ ಚಿಕ್ಕಪ್ಪ ಅದನ್ನು ಕಣ್ಣಾರೆ ನೋಡಲೆಂದೇ ದಿನಾ ಬರತೊಡಗಿದರು.

ಕೆಲಸ ಶುರುವಾದ ನಾಲ್ಕನೆಯ ದಿನ ಹಿಂದಿನ ಗೋಡೆ ಕೆಡವಿದರು. ಅದರ ಕೆಳಗೆ ಪಾಯವೇ ಇರಲಿಲ್ಲ. ಬರೀ ಮಣ್ಣು, ಗೆದ್ದಲು. ಅಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ಮೇಸ್ತ್ರಿ ಮಾತ್ರ ಮಣ್ಣನ್ನು ಕಾಲಲ್ಲಿ ಕೆದಕಿ, "ಇದುಕ್ಕೇ ಕಣಮ್ಮ 'ಒಡೆದ ಮೇಲೆ ಕಾಣೋದಕ್ಕೆ' ಅಂತ ಬರೆಸಿದ್ದು" ಎಂದು ಕಲ್ಲಿನ ಗಾಡಿಗೆ ಹೇಳಿಕಳಿಸಿದರು. ಪಾಯಕ್ಕೆ ಕಲ್ಲು ಬಿತ್ತು. ಸಾಲ ಒಂದು ರೂಪಾಯಿಯೂ ಹೆಚ್ಚಲಿಲ್ಲ.

ಇನ್ನೊಂದು ದಿನ ಎದೆಮಟ್ಟ ಎದ್ದಿದ್ದ ಗೋಡೆಗೆ ತೂಗುಗುಂಡು ಇಳಿಬಿಟ್ಟು ನೋಡಿ, ಪೂರ್ತಿ ಕೆಡವಿಸಿದರು. ಅರ್ಧ ಬೆರಳು ವಾಲಿತ್ತಂತೆ. "ಅಷ್ಟೇ ತಾನೇ, ಬಿಡಿ ಮೇಸ್ತ್ರಿ" ಎಂದೆ. "ಇಲ್ಲಿ ಅರ್ಧ ಬೆರಳು, ತಾರಸಿ ಅತ್ರ ಒಂದ್ ಬೆರಳಾಯ್ತದೆ. ಸುಮ್ಕಿರಿ, ಇದ್ರ ಖರ್ಚು ನಂದು" ಎಂದರು.

ತಾರಸಿಗೆ ಗಾರೆ ಹಾಕಿ, ಆಳು ಹೆಂಗಸರು ಸಾಲಾಗಿ ಕೂತು ವಾರವಿಡೀ ಮರದ ಹಲಗೆಯಿಂದ ಬಡಿದರು. ಗಾರೆ ಚೆನ್ನಾಗಿ ಒಣಗಿದ ಮೇಲೆ ಚಿಕ್ಕಪ್ಪ, "ಸೋರದೆ ಇರೋ ತಾರಸಿ ನಾನಂತೂ ನೋಡಿಲ್ಲ" ಎಂದರು.

ಮಾರನೆಯ ದಿನ ಬೆಳಿಗ್ಗೆ ಮೇಸ್ತ್ರಿ ತಾರಸಿಯ ಸುತ್ತ ಮಣ್ಣಿನ ಬದು ಕಟ್ಟಿಸಿ, ಬಾವಿಯಿಂದ ನೀರು ಹೊರಿಸಿ ಪಾದ ಮುಳುಗುವಷ್ಟು ತುಂಬಿಸಿದರು. ಚೀಲದಿಂದ ಬಿಳಿ ಪಂಚೆ ತೆಗೆದು ಕೆಳಗೆ ನಡುಮನೆಯಲ್ಲಿ ಹಾಸಿದರು. "ಕೂತ್ಕೊಳ್ಳಿ ಯಜಮಾನ್ರೇ. ಒಂದ್ ತೊಟ್ಟು ಬಿದ್ರೂ ನನ್ ದುಡ್ಡು ನಂಗೆ ಬ್ಯಾಡ."

ಚಿಕ್ಕಪ್ಪ ಕುರ್ಚಿ ಹಾಕಿಕೊಂಡು ಕತ್ತೆತ್ತಿ ಕೂತರು. ಊಟವನ್ನೂ ಅಲ್ಲೇ ಮಾಡಿದರು. ಬೀದಿಯವರೆಲ್ಲ ಬಂದು ಇಣುಕಿ ಹೋದರು. ಸಂಜೆಗೆ ಮೇಸ್ತ್ರಿ ಪಂಚೆ ಎತ್ತಿ ಎಲ್ಲರೆದುರು ಕೊಡವಿ ಹೆಗಲಿಗೆ ಹಾಕಿಕೊಂಡರು. ಒಂದು ಹನಿಯ ಕಲೆಯೂ ಇರಲಿಲ್ಲ.

ಚಿಕ್ಕಪ್ಪ ಹಿಡಿದುಕೊಂಡ ಕತ್ತು ನೀವಿಕೊಳ್ಳುತ್ತಾ, "ಮೇಸ್ತ್ರಿ, ನಮ್ಮನೇದೂ ಒಂದ್ಸಲ ನೋಡ್ತೀರಾ?" ಎಂದರು.

"ನೋಡಾನ. ರೇಟು ಏಳಕ್ಕೇ ಎರಡ್ ದಿನ ಬೇಕು."

ಅಪ್ಪ ಹೋದ ಮೇಲೆ ಅಮ್ಮ ಗಟ್ಟಿಯಾಗಿ ನಕ್ಕಿದ್ದು ಅವತ್ತೇ.

ಕೆಲವು ವರ್ಷಗಳ ಮೇಲೆ ಮೇಸ್ತ್ರಿ ತೀರಿಕೊಂಡರು. ಮನೆಗೆ ಹೋಗಿದ್ದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಆ ಟೀಚರಮ್ಮ ಕೇಳ್ದಂಗೆ ನನ್ನ ಯಾರೂ ಲೆಕ್ಕ ಕೇಳ್ಲಿಲ್ಲ ಅಂತಿದ್ರು" ಎಂದರು. ಹೊಗಳಿಕೆಯೋ ದೂರೋ ತಿಳಿಯದೆ, ಅಳುತ್ತಲೇ ಇಬ್ಬರೂ ನಕ್ಕೆವು.

ಆಮೇಲೆ ನಾನು ಹೆಡ್‌ಮಿಸ್ಟ್ರೆಸ್ ಆದೆ. ಶಾಲೆಗೆ ಮೂರು ಕೋಣೆ ಕಟ್ಟಿಸಬೇಕಾಗಿ ಬಂತು. ಕಟ್ಟಡದ ಕಮಿಟಿಯಲ್ಲಿ ನಾನೊಬ್ಬಳೇ ಹೆಂಗಸು. ಕಂಟ್ರಾಕ್ಟರ್ ಒಂದೇ ಸಾಲಿನ ಲೆಕ್ಕ ಮೇಜಿನ ಮೇಲಿಟ್ಟ. ಅವನನ್ನು ಕೂರಿಸಿ, ಪೆನ್ನು ತೆಗೆದು, ಪಾಯ ತೋಡುವುದರಿಂದ ಶುರುಮಾಡಿ ಒಂದೊಂದೇ ಬಾಬ್ತು ಕೇಳುತ್ತಾ ಬರೆದುಕೊಂಡೆ. ಎರಡನೆಯ ಹಾಳೆಗೆ ಬರುವಷ್ಟರಲ್ಲಿ, ದೂರ ಕೂತಿದ್ದ ಗಂಡಸರೆಲ್ಲ ಕುರ್ಚಿಗಳನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಿದ್ದರು.