ಖಾಕಿ ಬಟ್ಟೆ ಮನೆಗೆ ಬಂದ ವಾರ

ಹುಮನಾಬಾದಿನ ಹಳೇ ಬಜಾರಿನಲ್ಲಿ ಖಮರುದ್ದೀನನ ಹೊಲಿಗೆ ಅಂಗಡಿ. ಶಾಲೆ ಹುಡುಗರ ಚಡ್ಡಿ ಅಂಗಿಗಳಿಗೆಲ್ಲ ಅವನೇ ದರ್ಜಿ. ೧೯೭೧ರ ಚಳಿಗಾಲ, ಶಾಲೆಯ ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂದಿತ್ತು. ಸೂರ್ಯಕಾಂತ ಮಾಸ್ತರು ಖಾಕಿ ಬಟ್ಟೆಯ ಸುರುಳಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಖಮರುದ್ದೀನನ ಕೈ ಕತ್ತರಿಯ ಮೇಲೇ ನಿಂತಿತು.

"ನಾಟಕ ಮಾಡ್ಸಾಕತ್ತೇನಿ, ಖಮರುದ್ದೀನ್ ಭಾಯಿ. ಪುಸ್ತಕದಾಗ ರಜಾಕಾರರ ಪಾಠ ಅದ ಅಲ್ಲ, ಅದು. ಹುಡುಗರಿಗಿ ರಜಾಕಾರರ ಅಂಗಿ ಬೇಕು."

ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕಿದ್ದ ಉತ್ತರವನ್ನು ಇಷ್ಟು ವರ್ಷ ಆ ಮನೆಯವರು ಹೊರಗೆ ಆಡಿದ್ದಿಲ್ಲ. "ಆಗ್ಲಿರಿ ಮಾಸ್ತರ್" ಅಂದ.

ಅವನಪ್ಪ ನಿಜಾಮನ ಕಾಲದಲ್ಲಿ ಸುಂಕದ ನಾಕಾದ ಜವಾನ. ಬಂದೂಕು ಹಿಡಿದವನಲ್ಲ, ಅಡ್ಡಗಂಬ ಎತ್ತಿ ಬಂಡಿಗಳಿಗೆ ದಾರಿ ಬಿಡುತ್ತಿದ್ದ. ನೌಕರಿಯ ಅಂಗಿ ಮಾತ್ರ ಖಾಕಿ. ೧೯೪೮ರಲ್ಲಿ ಭಾರತದ ಫೌಜು ಬಂದು ಪೊಲೀಸ್ ಆಕ್ಷನ್ ಆಗಿ, ನಿಜಾಮನ ಪರವಾಗಿ ಊರು ಸುಡುತ್ತಿದ್ದ ರಜಾಕಾರರು ಓಡಿಹೋದ ಮೇಲೆ ಸಿಟ್ಟಿಗೆದ್ದ ಗುಂಪೊಂದು ಓಣಿಗೆ ನುಗ್ಗಿತು. ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿ ನೋಡಿ, ಇವನೂ ರಜಾಕಾರನೇ ಎಂದು ಅಪ್ಪನನ್ನು ಎಳೆದುಕೊಂಡು ಹೋದರು. ಹೆಣವೂ ಸಿಗಲಿಲ್ಲ. ಖಮರುದ್ದೀನ ಆಗ ಸಣ್ಣವ. ತಾಯಿ ಮುನ್ನಿ ಬೀ ಅವನ ಬಾಯಿಗೆ ಸೆರಗು ತುರುಕಿ ಕಣಜದ ಹಿಂದೆ ಕೂತಿದ್ದಳು.

ಮುಸಲ್ಮಾನನ ಅಂಗಡಿಯಲ್ಲಿ ರಜಾಕಾರರ ಅಂಗಿ ತೂಗಾಡುವುದನ್ನು ಕಂಡರೆ ಜನ ಏನೆಂದಾರೋ. ಅರ್ಧ ಬಾಗಿಲು ಹಾಕಿಕೊಂಡೇ ಹೊಲಿದು, ಅಂಗಿಗಳನ್ನು ಮನೆಗೆ ಒಯ್ದು ಹಾಸಿಗೆಯ ಕೆಳಗೆ ಬಚ್ಚಿಟ್ಟ. ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದರೆ ಒಳಗಿನಿಂದ ಚಿಲಕ. ಬಾಗಿಲ ಸಂದಿಯಲ್ಲಿ ಹೊಗೆ.

ಕದ ತೆಗೆದ ಮುನ್ನಿ ಬೀಯ ಕೈಯಲ್ಲಿ ಕಡೆಯ ಅಂಗಿ ಇತ್ತು. ಉಳಿದವು ಒಲೆಯಲ್ಲಿ ಉರಿಯುತ್ತಿದ್ದವು.

"ಅವರು ಬರೂದ್ರೊಳಗ ಸುಡಬೇಕು ಬೇಟಾ. ಬಾಗ್ಲ ಹಾಕು."

"ಯಾರೂ ಬರಾಂಗಿಲ್ಲಮ್ಮ. ಸಾಲಿ ಹುಡುಗರ ನಾಟಕದ ಅಂಗಿ ಅವು."

"ಅವತ್ತು ನಿಮ್ಮಪ್ಪನೂ ಹಿಂಗೇ ಅಂದಿದ್ದ."

ಮರುದಿನ ಅಂಗಿ ಕೇಳಿಕೊಂಡು ಮಾಸ್ತರು ಮನೆಗೇ ಬಂದರು. ಖಮರುದ್ದೀನ ಬಾಗಿಲಿಗೆ ಅಡ್ಡ ನಿಂತ. ಇಲಿ ಕಡಿದವು ಅನ್ನಲೇ, ಕಳುವಾದವು ಅನ್ನಲೇ? ನಿಜ ಹೇಳಿದರೆ ರಜಾಕಾರನ ಮನೆ ಎಂಬ ಹೆಸರು ಸಂಜೆಯೊಳಗೆ ಬಜಾರು ತುಂಬುತ್ತದೆ. ಅವನು ತಡವರಿಸುತ್ತಿರುವಾಗ ಮುನ್ನಿ ಬೀಯೇ ಬಂದು ಕೈ ಮುಗಿದಳು.

"ಅಂವಾ ರಜಾಕಾರ ಅಲ್ರಿ ಸಾಹೇಬ್ರ. ನಾಕಾದ ಜವಾನ ಇದ್ದ. ಖಾಕಿ ನೋಡಿ ಅಂವನ್ನ ಒಯ್ದ್ರಿ. ಈಗ ಅಂಗಿ ಎಲ್ಲಾ ಸುಟ್ಟೀನಿ, ನನ್ನ ಮಗನ್ನ ಬಿಡ್ರಿ."

ಮಾಸ್ತರು ಹೊಸ್ತಿಲಲ್ಲೇ ನಿಂತರು. ಅವರ ಕಾಕಾನನ್ನು ರಜಾಕಾರರು ಕೊಂದದ್ದು ಊರಿಗೇ ಗೊತ್ತಿತ್ತು. ನಾಟಕ ಹಿಡಿದದ್ದೂ ಅದಕ್ಕೇ. "ಇದು ನಮಗ ಯಾರೂ ಹೇಳಿಲ್ಲ ಆಯಿ" ಅಂದರು. "ಅಂಗಿ ಚಿಟಗುಪ್ಪಾದ ದರ್ಜಿ ಕಡಿಂದ ತರಸ್ತೀನಿ. ಈ ಮಾತು ನಾ ಯಾರಿಗೂ ಹೇಳಾಂಗಿಲ್ಲ."

ಹೇಳಲೂ ಇಲ್ಲ. ನಾಟಕ ಪುಸ್ತಕದಲ್ಲಿದ್ದ ಹಾಗೆಯೇ ಆಯಿತು. ಆ ಸಂಜೆ ಮೈಕಿನಲ್ಲಿ ಕೂಗು, ಚಪ್ಪಾಳೆ ಕೇಳಿದಾಗಲೆಲ್ಲ ಮುನ್ನಿ ಬೀ ಮಗನ ತೋಳು ಹಿಡಿಯುತ್ತಿದ್ದಳು. ಯಾರೂ ಬರಲಿಲ್ಲ.

ಖಮರುದ್ದೀನ ಮತ್ತೆ ಖಾಕಿ ಮುಟ್ಟಲಿಲ್ಲ. ಪೊಲೀಸರು ಬಂದರೂ "ಕೆಲಸ ಭಾಳ ಅದ್ರಿ" ಎಂದು ಬೇರೆ ದರ್ಜಿಯ ಕಡೆ ಕಳಿಸುತ್ತಿದ್ದ. ಕೆಲವು ವರ್ಷಕ್ಕೆ ಅವನ ಮಗಳು ಲತೀಫಾ ಅದೇ ಪಾಠವನ್ನು ಪರೀಕ್ಷೆಗೆ ಓದತೊಡಗಿದಳು. ಸಣ್ಣಗೆ ಓದು ಎಂದು ಅಪ್ಪ ಗದರಿದರೂ ಅಜ್ಜಿ ಮುನ್ನಿ ಬೀ ಕಿವಿಗೊಟ್ಟು ಕೇಳಿದಳು. ರಜಾಕಾರರು ಸುಟ್ಟ ಹಳ್ಳಿಗಳು ಬಂದವು. ತಲೆಯಾಡಿಸಿದಳು, ಅದನ್ನೂ ಅವಳು ಕಂಡಿದ್ದಳು. ಫೌಜು ಬಂತು. ಜನ ಹೂವು ಎರಚಿದರು.

"ಮುಂದ?"

"ಮುಗೀತು ದಾದಿ. ಕೆಳಗ ಪ್ರಶ್ನಿ ಅವ."

ಖಮರುದ್ದೀನ ಎದ್ದುಹೋಗಿ ಬೀದಿಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದ.