ಜೇಬಣ್ಣ ಮರೆತ ಜೇಬು

ನಮ್ಮ ಬೀದಿಯ ತಿರುವಿನಲ್ಲಿರುವ ಲಾಂಡ್ರಿಗೆ ಹೆಸರಿನ ಹಲಗೆಯೇನೋ ಇದೆ. ಅದನ್ನು ಓದಿದವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಜೇಬಣ್ಣನ ಅಂಗಡಿ. ಒಗೆಯಲು ಬಂದ ಯಾವ ಬಟ್ಟೆಯನ್ನೂ ಅವನು ಜೇಬು ತಡಕದೆ ನೀರಿಗೆ ಹಾಕಿದವನಲ್ಲ. ಬಸ್ಸಿನ ಟಿಕೆಟ್ಟು, ಕಿತ್ತುಬಂದ ಗುಂಡಿ, ತಲೆನೋವಿನ ಮಾತ್ರೆ, ಅರ್ಧ ಬರೆದ ಪ್ರೇಮಪತ್ರ, ಏನು ಸಿಕ್ಕರೂ ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಬಟ್ಟೆಯ ಗುರುತುಚೀಟಿಯ ಸಂಖ್ಯೆಯೇ ಅದಕ್ಕೂ ಬೀಳುತ್ತದೆ. ಬಟ್ಟೆಯೊಂದಿಗೆ ಅದೂ ಒಡೆಯನ ಕೈ ಸೇರುತ್ತದೆ. "ಇದು ಕಸ, ಬಿಸಾಡಬಾರದೇನಯ್ಯ?" ಎಂದು ಯಾರಾದರೂ ಅಂದರೆ, "ಕಸ ಹೌದೋ ಅಲ್ವೋ ಹೇಳೋಕೆ ನಾನ್ಯಾರು?" ಎನ್ನುತ್ತಾನೆ.

ಅಂಗಡಿಯ ಇನ್ನೊಂದು ಬದಿಯಲ್ಲಿ, ಉದ್ದನೆಯ ಮೇಜಿನ ಹಿಂದೆ, ಅವನ ತಂಗಿ ಇಸ್ತ್ರಿ ಮಾಡುತ್ತಾಳೆ. ಅಣ್ಣನಿಗಿಂತ ಮೂರು ವರ್ಷ ಚಿಕ್ಕವಳು, ಈಗ ನಲವತ್ತನಾಲ್ಕು. ಊರಿಗೆ ಇಸ್ತ್ರಿಯಕ್ಕ, ಅಣ್ಣನಿಗೆ ಇಂದಿಗೂ ಪುಟ್ಟಿ. ಬೇಸಿಗೆಯಿರಲಿ, ಚಳಿಯಿರಲಿ, ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ. ಎಡಗಿವಿಯ ಮೇಲಿನಿಂದ ನೆತ್ತಿಯವರೆಗೆ ಅಂಗೈಯಗಲದ ಸುಟ್ಟ ಕಲೆ. ಅಲ್ಲಿ ಒಂದು ಕೂದಲೂ ಇಲ್ಲ. ಆರನೆಯ ವಯಸ್ಸಿನಲ್ಲಿ ಕುದಿಯುವ ಗಂಜಿ ಬಿದ್ದದ್ದು. ಮದುವೆಯ ಮಾತು ಬಂದಾಗಲೆಲ್ಲ ಅವಳೇ ಬೇಡವೆಂದಳು. ಕಾರಣವನ್ನು ಯಾರೂ ಕೇಳಲಿಲ್ಲ.

ಅಣ್ಣತಂಗಿಯರಿಬ್ಬರೂ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಕುಳಿತವರು. ಒಂದು ದಿನ ಮಕ್ಕಳ್ಯಾರೋ ಹುಡುಗಿಯ ತಲೆವಸ್ತ್ರವನ್ನು ಕಿತ್ತು ಗಾಳಿಯಲ್ಲಿ ಆಡಿಸಿದರಂತೆ. ನಾನು ಬರುವ ಹೊತ್ತಿಗೆ ಕಂಡದ್ದು ಜೇಬಣ್ಣ ಮೂವರನ್ನು ನೆಲಕ್ಕೆ ಕೆಡವಿ ಗುದ್ದುತ್ತಿದ್ದುದು ಮಾತ್ರ. ಅವನನ್ನು ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸಿದೆ. ಯಾಕೆ ಹೊಡೆದೆ ಎಂದರೆ ಬಾಯಿ ಬಿಡಲಿಲ್ಲ. ನಿಜ ಸಂಗತಿ ತಿಳಿದಾಗ ಶಾಲೆ ಬಿಟ್ಟಾಗಿತ್ತು.

ಇಷ್ಟು ವರ್ಷಗಳ ಮೇಲೆ ಆ ಕಲೆಯ ಮಾತೆತ್ತಿದವರು ಚರ್ಮರೋಗದ ಡಾಕ್ಟರಮ್ಮ. ಅವರ ಬಿಳಿಯ ಕೋಟುಗಳು ಇದೇ ಅಂಗಡಿಗೆ ಬರುತ್ತಿದ್ದವು. ಒಮ್ಮೆ ತಾವೇ ಕೋಟು ಒಯ್ಯಲು ಬಂದವರು, ವಸ್ತ್ರದ ಅಂಚಿನಲ್ಲಿ ಕಲೆಯನ್ನು ಕಂಡು, ಒಳಗೆ ಕರೆದು ನೋಡಿದರು. ತಲೆಯ ಹಿಂಭಾಗದಿಂದ ಕೂದಲನ್ನು ಬೇರುಸಮೇತ ತೆಗೆದು ಕಲೆಯ ಮೇಲೆ ನೆಡಬಹುದು ಎಂದರು. ಜೇಬಣ್ಣ ಒಗೆಯುವುದನ್ನು ಬಿಟ್ಟು, ಒದ್ದೆ ಕೈಯಲ್ಲೇ ಓಡಿಬಂದನು.

"ನನ್ನ ತಲೆಯಿಂದ ತೆಗೀರಿ ಡಾಕ್ಟ್ರೇ. ನೋಡಿ, ಪೊದೆ ಇದ್ದಂಗಿದೆ. ಎಷ್ಟು ಬೇಕಾದ್ರೂ ತೆಗೀರಿ."

"ಒಬ್ಬರ ಕೂದಲು ಇನ್ನೊಬ್ಬರ ತಲೆಯಲ್ಲಿ ನಿಲ್ಲಲ್ಲಪ್ಪ," ಎಂದರು ಡಾಕ್ಟರಮ್ಮ.

"ಒಳ್ಳೇದೇ ಆಯ್ತು ಬಿಡಿ," ಎಂದಳು ತಂಗಿ. "ಇವನ ಕೂದಲ ಜೊತೆ ಇವನ ಬುದ್ಧೀನೂ ಬಂದ್ರೆ ನಾನೇನು ಮಾಡ್ಲಿ?"

ಎಲ್ಲರೂ ನಕ್ಕರು. ಜೇಬಣ್ಣ ನಗಲಿಲ್ಲ. ಮರುದಿನ ನನಗೆ ಇದನ್ನು ಹೇಳುವಾಗಲೂ ಅವನ ಮುಖದಲ್ಲಿ, ಕೊಡಲು ತಂದದ್ದನ್ನು ಬಾಗಿಲಲ್ಲೇ ಹಿಂದಿರುಗಿಸಿಕೊಂಡವನ ಕಳೆಯಿತ್ತು.

ಶಸ್ತ್ರಚಿಕಿತ್ಸೆ ಒಂದು ಇಡೀ ಹಗಲು ನಡೆಯಿತು. ಮನೆಗೆ ಕಳುಹಿಸುವಾಗ ಡಾಕ್ಟರಮ್ಮ ಎರಡು ಹಾಳೆ ಕೊಟ್ಟರು. ಮೊದಲನೆಯದರಲ್ಲಿ ಮೊದಲ ಹದಿನಾಲ್ಕು ದಿನಗಳ ಪಥ್ಯ, ಎರಡನೆಯದರಲ್ಲಿ ಆಮೇಲಿನದು. ಜೇಬಣ್ಣ ಮೊದಲನೆಯದನ್ನು ಗಟ್ಟಿಯಾಗಿ ಓದಿ ಗೋಡೆಗೆ ಅಂಟಿಸಿದನು. ಬಗ್ಗಬಾರದು, ಭಾರ ಎತ್ತಬಾರದು, ಬೆವರಬಾರದು, ಕೆರೆಯಬಾರದು, ತಲೆಯನ್ನು ಎತ್ತರದಲ್ಲಿಟ್ಟೇ ಮಲಗಬೇಕು. ಎರಡನೆಯದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡನು. ಅದಕ್ಕೆ ಇನ್ನೂ ಎರಡು ವಾರ ಇದೆಯಲ್ಲ.

ಆ ಎರಡು ವಾರ ಅವನು ತಂಗಿಯನ್ನು ನೋಡಿಕೊಂಡ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ಹಾಸಿಗೆ ಹೊದಿಕೆಗಳನ್ನು ಮಡಿಸಿ ಪೇರಿಸಿ, ಒರಗುವ ಕುರ್ಚಿಯಂತೆ ಮಾಡಿ ಅವಳನ್ನು ಮಲಗಿಸುತ್ತಿದ್ದನು. ಹಗಲೆಲ್ಲ ಅರ್ಧಗಂಟೆಗೊಮ್ಮೆ ಕಲೆಯ ಮೇಲೆ ಉಪ್ಪುನೀರಿನ ಔಷಧಿಯನ್ನು ಸಿಂಪಡಿಸುವುದು. ಅದೇ ಕೈ, ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸಿದ ಕೈ.

"ಮೆಲ್ಲಗೆ ಕಣೋ ಅಣ್ಣ! ನಾನೇನು ಷರಟಿನ ಕಾಲರ್ರಾ?"

"ಮಾತಾಡ್ಬೇಡ, ಅಲುಗಾಡುತ್ತೆ."

"ಬಾಯಿಗೂ ನೆತ್ತಿಗೂ ಏನೋ ಸಂಬಂಧ?"

ಮೂರನೆಯ ದಿನ ಅವಳ ಹಣೆ ಊದಿತು. ನಾಲ್ಕನೆಯ ದಿನ ಊತ ಕಣ್ಣಿಗಿಳಿದು ರೆಪ್ಪೆಗಳೇ ತೆರೆಯದಾದವು. ಅವನು ಊಟ ಬಿಟ್ಟು ಕುಳಿತನು. ಇದು ಸಹಜವೆಂದು ಗೋಡೆಯ ಹಾಳೆಯಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಎದ್ದು ಹೋಗಿ ಅದನ್ನೇ ಓದಿ ಬರುತ್ತಿದ್ದನು. ಊತ ಇಳಿಯಿತು. ತಲೆಗೆ ಲೋಟದಿಂದ ನೀರು ಹನಿಸಿ ತೊಳೆಯುವುದನ್ನು ಅತ್ತಿಗೆ ಕಲಿತಳು. ಇಸ್ತ್ರಿ ಮಾಡುವ ಪಾಳಿಯೂ ಜೇಬಣ್ಣನ ಹೆಂಡತಿಯಾದ ಅವಳ ಮೇಲೆಯೇ ಬಿತ್ತು. ಅದರ ಫಲವಾಗಿ ನನ್ನ ಎರಡು ಅಂಗಿಗಳ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರ ಇಂದಿಗೂ ಇದೆ. ಹನ್ನೆರಡನೆಯ ದಿನದ ಹೊತ್ತಿಗೆ ಹಕ್ಕಳೆಗಳೆಲ್ಲ ಉದುರಿ, ಕಲೆಯ ಮೇಲೆ ಸಣ್ಣ ಸಣ್ಣ ಕಪ್ಪು ಮೊನೆಗಳು ಸಾಲಾಗಿ ನಿಂತವು. ಕನ್ನಡಿಯ ಮುಂದೆ ಅವಳು ಬಹಳ ಹೊತ್ತು ಕುಳಿತಿದ್ದಳಂತೆ.

ಹತ್ತೊಂಬತ್ತನೆಯ ದಿನದ ಬೆಳಿಗ್ಗೆ ಜೇಬಣ್ಣ ನನ್ನ ಮನೆಗೆ ಬಂದನು. ಕೂರು ಎಂದರೂ ಕೂರಲಿಲ್ಲ. ಕರವಸ್ತ್ರ ಬಿಚ್ಚಿ, ಬೆಂಡಿನಂತೆ ಒಣಗಿದ ಒಂದು ಬಿಳಿಯ ಉಂಡೆಯನ್ನು ನನ್ನ ಮೇಜಿನ ಮೇಲಿಟ್ಟನು.

"ಮೇಷ್ಟ್ರೇ, ನಿಮ್ಮ ಹತ್ರ ಭೂತಗನ್ನಡಿ ಇದೆಯಲ್ಲ. ಇದನ್ನ ಓದೋಕಾಗುತ್ತಾ?"

"ಏನಪ್ಪ ಇದು?"

"ಎರಡನೇ ಹಾಳೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಊರಿನವರ ಜೇಬನ್ನೆಲ್ಲ ತಡಕಿದವನು, ತಂಗಿಯ ಆರೈಕೆಯ ಗಡಿಬಿಡಿಯಲ್ಲಿ ತನ್ನದೇ ಅಂಗಿಯನ್ನು ಜೇಬು ನೋಡದೆ ನೀರಿಗೆ ಹಾಕಿದ್ದನು. ಸೂಜಿ ಹಿಡಿದು ಪದರ ಬಿಡಿಸಲು ನೋಡಿದೆ. ಪುಡಿಯಾಗಿ ಉದುರಿತು. ಒಂದು ಅಕ್ಷರವೂ ಉಳಿದಿರಲಿಲ್ಲ.

"ಹೋಗಿ ಇನ್ನೊಂದು ಕೇಳಿದ್ರೆ ಕೊಡ್ತಾರಲ್ಲಪ್ಪ. ಅದರಲ್ಲಿ ನಾಚಿಕೆ ಏನು?"

"ಎರಡು ಸಲ ಹೋದೆ. ಕೋಟು ಕೊಟ್ಟು ಬಂದೆ. ಬಾಯಿ ಬರಲಿಲ್ಲ. ಜೇಬಣ್ಣ ಅಂತ ಹೆಸರಿಟ್ಕೊಂಡು, ಹಾಳೆ ಒಗೆದುಬಿಟ್ಟೆ ಅಂತ ಹೇಗೆ ಹೇಳ್ಲಿ? ಮೊದಲನೇದು ಗೋಡೆ ಮೇಲಿದೆ, ಸಾಕು ಅಂದ್ಕೊಂಡೆ." ಅವನು ತಡೆದನು. "ಮೇಷ್ಟ್ರೇ, ಕೂದಲು ಉದುರ್ತಿದೆ. ನಾಲ್ಕು ದಿನ ಆಯ್ತು. ದಿಂಬಿನ ತುಂಬ. ಹದಿನೈದನೇ ದಿನದಿಂದ ಏನೋ ಹಚ್ಚಬೇಕು ಅಂತ ಆ ಹಾಳೇಲಿ ಇತ್ತೇನೋ. ನಾನು ಹಚ್ಚಲಿಲ್ಲ. ಎಲ್ಲಾ ಸಾಯ್ತಿದೆ. ಅವಳು ಮುಖ ತೊಳೆಯೋಕೆ ಹೋದಾಗ ದಿಂಬಿನ ಕವರು ಬದಲಾಯಿಸ್ತಿದೀನಿ, ಅವಳ ಕಣ್ಣಿಗೆ ಬೀಳದಿರಲಿ ಅಂತ."

"ಅವಳಿಗೆ ಹೇಳಿಬಿಡು."

"ಎರಡನೇ ಸಲ ಮೇಷ್ಟ್ರೇ," ಎಂದನು. ಆಮೇಲೆ ಕುಳಿತನು.

ಆಗ ಅವನು ಹೇಳಿದ್ದನ್ನು, ಅವನಿಗೆ ಅಕ್ಷರ ತಿದ್ದಿಸಿದ ನಾನು ಕೂಡ ಅಲ್ಲಿಯವರೆಗೆ ಅರಿತಿರಲಿಲ್ಲ. ಒಂಬತ್ತು ವರ್ಷದ ಹುಡುಗ, ತಾನು ದೊಡ್ಡವನಾದೆನೆಂದು ತಾಯಿಗೆ ತೋರಿಸಲು, ಗಂಜಿಯ ಪಾತ್ರೆಯನ್ನು ಒಲೆಯಿಂದ ತಾನೇ ಇಳಿಸಹೋದನು. ಹಿಡಿದ ಬಟ್ಟೆ ಜಾರಿತು. ಕೆಳಗೆ ಪುಟ್ಟಿ ಕುಳಿತು ಕರವಸ್ತ್ರ ಮಡಿಸುತ್ತಿದ್ದಳು. ತಾಯಿ ಓಡಿಬಂದು ಯಾರು ಮಾಡಿದ್ದೆಂದು ಕೂಗಿದಾಗ ಆ ಹೆಣ್ಣುಮಗು, "ನಾನೇ ಎಳೆದೆ," ಎಂದಿತು. ತಾಯಿ ಕೊನೆಯುಸಿರಿನವರೆಗೂ ಅದನ್ನೇ ನಂಬಿದ್ದಳು. ಆ ವಿಷಯವನ್ನು ಅಣ್ಣತಂಗಿ ಮತ್ತೆಂದೂ ಆಡಿರಲಿಲ್ಲ.

"ನೀವೂ ಬನ್ನಿ ಮೇಷ್ಟ್ರೇ," ಎಂದನು. "ನೀವು ಪಕ್ಕದಲ್ಲಿ ನಿಂತ್ರೆ ಬಾಯಿ ಬರುತ್ತೇನೋ."

ಅಂಗಡಿಯಲ್ಲಿ ಅವಳು ಎತ್ತರದ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ಗುರುತುಚೀಟಿ ಬರೆಯುತ್ತಿದ್ದಳು. ತಲೆಗೆ ಸಡಿಲವಾದ ವಸ್ತ್ರ. ಅತ್ತಿಗೆ ಇಸ್ತ್ರಿಪೆಟ್ಟಿಗೆಯೊಂದಿಗೆ ಸೆಣಸುತ್ತಿದ್ದಳು. ಜೇಬಣ್ಣ ಉಳಿದಿದ್ದ ಉಂಡೆಯನ್ನು ತಂಗಿಯ ಮುಂದಿಟ್ಟು, ಒಂದೇ ಉಸಿರಿಗೆ ಹಾಳೆಯ ಸಂಗತಿಯನ್ನು ಹೇಳಿದನು.

ಅತ್ತಿಗೆ ಮೊದಲು ಬಾಯಿ ಬಿಟ್ಟಳು. "ಅಯ್ಯೋ ನನ್ನ ರಾಜ! ಕಂಡೋರ ಜೇಬಲ್ಲಿ ಸೂಜಿ ಬಿಡಲ್ಲ, ತನ್ನ ಜೇಬಲ್ಲಿ ಕಾಗದ ಕಾಣ್ಸಲ್ಲ!" ಗಂಡನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ಪುಟ್ಟಿ, ಕೂದಲು..." ಎಂದನು.

"ಉದುರ್ತಿದೆ. ಗೊತ್ತು."

"ಹೇಗೆ ಗೊತ್ತು?"

"ದಿನಾ ಬೆಳಿಗ್ಗೆ ದಿಂಬಿಗೆ ಹೊಸ ಕವರು. ಅದರ ಬಾಯಿ ಒಳಕ್ಕೆ ಮಡಿಸಿರುತ್ತೆ. ಈ ಮನೇಲಿ ಹಾಗೆ ಮಡಿಸೋನು ನೀನೊಬ್ಬನೇ. ಮೂವತ್ತು ವರ್ಷ ಬಟ್ಟೆ ಮಡಿಸಿದೋಳು ನಾನು, ಅಷ್ಟೂ ಗೊತ್ತಾಗಲ್ವೇನೋ?" ಅವಳು ಲೇಖನಿ ಕೆಳಗಿಟ್ಟಳು. "ನಾನೂ ಬಚ್ಚಿಟ್ಟೆ. ತಲೆ ತೊಳೆದ ನೀರನ್ನ ನಾನೇ ಚೆಲ್ತೀನಿ ಅಂತ ಅತ್ತಿಗೆ ಹತ್ರ ಹಟ ಮಾಡಿದ್ದು ಅದಕ್ಕೇ. ನೀನು ನೋಡಿದ್ರೆ ಎದೆ ಒಡ್ಕೋತೀಯ ಅಂತ."

"ಎರಡು ಸಲಾನೂ ನಾನೇ, ಪುಟ್ಟಿ. ಅವತ್ತೂ ನಾನೇ. ಅಮ್ಮನಿಗೆ ನೀನು ಸುಳ್ಳು ಹೇಳಿದೆ, ನನಗೆ ಪೆಟ್ಟು ಬೀಳದಿರಲಿ ಅಂತ."

ಅವಳು ಅಣ್ಣನ ಕಡೆ ತಿರುಗಿ ಕುಳಿತಳು.

"ಪೆಟ್ಟಿನ ಯೋಚನೆ ನನಗೆಲ್ಲಿತ್ತು? ಆರು ವರ್ಷದೋಳು. ನಿನ್ನ ಎರಡೂ ಕೈ ಕೆಂಪಗೆ ಬೆಂದಿತ್ತು, ನೀನು ಅಳ್ತಾನೇ ಇರಲಿಲ್ಲ. ಅಳದೇ ಇರೋರು ಸತ್ತುಹೋಗ್ತಾರೆ ಅಂದ್ಕೊಂಡಿದ್ದೆ. ಅಮ್ಮ ನಿನ್ನನ್ನ ಬೈಯೋದು ಬಿಟ್ಟು ನಿನ್ನ ಕೈ ನೋಡ್ಲಿ ಅಂತ ಹಾಗಂದೆ. ಅಷ್ಟೇ." ಆಮೇಲೆ, "ನೀನು ಇದನ್ನ ಇಷ್ಟು ವರ್ಷ ಹೊತ್ಕೊಂಡಿದ್ಯಾ?" ಎಂದಳು.

ಒಂಬತ್ತು ವರ್ಷದವನು ಅಂದು ಅಳದಿದ್ದುದನ್ನು ನಲವತ್ತೇಳರವನು ಅತ್ತನು. ಅತ್ತಿಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ನಾನು ಗೋಡೆಯ ಹಾಳೆಯನ್ನು ಓದುವವನಂತೆ ಅತ್ತ ತಿರುಗಿ ನಿಂತೆ.

ಅಂದೇ ಹನ್ನೊಂದು ಗಂಟೆಗೆ ಅಣ್ಣ, ತಂಗಿ, ಅತ್ತಿಗೆ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಹಚ್ಚಲು ಬೇರೆ ಏನೂ ಇರಲಿಲ್ಲವೆಂದರು. ನೆಟ್ಟ ಕೂದಲು ಮೂರನೆಯ ವಾರದ ಸುಮಾರಿಗೆ ಉದುರುತ್ತದೆ, ಎಲ್ಲರಿಗೂ ಉದುರುತ್ತದೆ, ಎರಡನೆಯ ಹಾಳೆಯ ಮೊದಲ ಸಾಲೇ ಅದು. ಬೇರು ಒಳಗಿದೆ, ನಾಲ್ಕನೆಯ ತಿಂಗಳಿನವರೆಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಸುಳ್ಳು ಧೈರ್ಯವನ್ನೂ ಅವರು ಹೇಳಲಿಲ್ಲ. "ಸುಟ್ಟ ಜಾಗದಲ್ಲಿ ರಕ್ತದ ಓಡಾಟ ಕಡಿಮೆ. ನೆಟ್ಟದ್ದೆಲ್ಲ ಬರುತ್ತೆ ಅಂತ ಹೇಳಲಾರೆ. ಇನ್ನೊಂದು ಸಲ ನೆಡಬೇಕಾಗಬಹುದು. ಕಾಯಬೇಕಮ್ಮ," ಎಂದು ಹೊಸ ಹಾಳೆ ಕೊಟ್ಟರು. ಅದಕ್ಕೆ ಜೇಬಣ್ಣ ಕೈ ಚಾಚಿದನಂತೆ. ತಂಗಿ, "ನೀನು ಮುಟ್ಟಬೇಡ," ಎಂದು ತಾನೇ ತೆಗೆದುಕೊಂಡಳಂತೆ.

ಸಂಜೆ ನಾನು ಅಂಗಡಿಗೆ ಹೋದಾಗ ಎರಡನೆಯ ಹಾಳೆ ಮೊದಲನೆಯದರ ಪಕ್ಕದಲ್ಲಿತ್ತು. ಅದರ ಮೂಲೆಗೆ ಬಟ್ಟೆಗೆ ಕಟ್ಟುವಂತೆಯೇ ಒಂದು ಗುರುತುಚೀಟಿಯನ್ನೂ ಕಟ್ಟಿದ್ದಳು. ನೆರಳಿನಲ್ಲಿರುವಾಗ ತಲೆ ತೆರೆದಿರಲಿ ಎಂದು ಆ ಹಾಳೆಯಲ್ಲಿ ಬರೆದಿತ್ತು. ಅವಳು ವಸ್ತ್ರ ಬಿಚ್ಚಿ ಒಗೆಯುವ ರಾಶಿಗೆ ಹಾಕಿ, ತನ್ನ ಸ್ಟೂಲಿನ ಮೇಲೆ ಕುಳಿತಿದ್ದಳು. ತೋರಿಸಿಕೊಳ್ಳಲು ಇನ್ನೂ ಏನೂ ಇರಲಿಲ್ಲ. ಅದೇ ಕಲೆ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಗಿರಾಕಿಯೊಬ್ಬಳು ಒಳಗೆ ಬಂದು ನೋಡಿ, ನೋಡದವಳಂತೆ ಕಣ್ಣು ತಿರುಗಿಸಿದಳು. ಇಸ್ತ್ರಿಯಕ್ಕನ ಕೈ ಒಂದಿಷ್ಟು ಮೇಲೆದ್ದು, ಮತ್ತೆ ಚೀಟಿಗಳ ಮೇಲೆಯೇ ಇಳಿಯಿತು. "ಸೀರೆ ಎಷ್ಟಿದೆ?" ಎಂದು ಕೇಳಿದಳು.

ಅತ್ತ ಜೇಬಣ್ಣ ರಾಶಿಯನ್ನು ತಡಕುತ್ತಿದ್ದನು. ತಂಗಿಯ ತಲೆವಸ್ತ್ರ ಕೈಗೆ ಬಂದಾಗ, ಜೇಬಿಲ್ಲದ ಬಟ್ಟೆಯಾದರೂ ಅಭ್ಯಾಸಬಲದಿಂದ ಬೆರಳಾಡಿಸಿದನು. ಅಂಚಿನ ಗಂಟಿನಲ್ಲಿ ಏನೋ ಸಿಕ್ಕಿತು. ಬಿಚ್ಚಿದರೆ ಚಿಕ್ಕದೊಂದು ಕಾಗದದ ಪೊಟ್ಟಣ; ಅದರೊಳಗೆ ಅರ್ಧ ಬೆರಳುಗುರಿನಷ್ಟುದ್ದದ ಕೂದಲುಗಳು. ಅವನು ಬಚ್ಚಿಟ್ಟಂತೆಯೇ ಅವಳೂ ಕೂಡಿಟ್ಟಿದ್ದಳು.

ಅವನು ತಲೆಯೆತ್ತಿ ಅವಳನ್ನು ನೋಡಿದನು. ಕೈ ಆಗಲೇ ಬಿಸ್ಕತ್ತಿನ ಡಬ್ಬಿಯ ಕಡೆ ಹೋಗಿತ್ತು.

"ಬಿಸಾಕು ಅಣ್ಣ," ಎಂದಳು ಅವಳು, ಸೀರೆ ಎಣಿಸುತ್ತಲೇ.

ಅವನು ಡಬ್ಬಿಯ ಮುಚ್ಚಳ ಮುಚ್ಚಿದನು. ಪೊಟ್ಟಣವನ್ನು ಬಾಗಿಲಾಚೆಯ ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಬಂದು, ನನ್ನ ಅಂಗಿಗಳನ್ನು ತೆಗೆದುಕೊಂಡು ಜೇಬು ನೋಡತೊಡಗಿದನು.